ಅಪ್ಪ-ಅಮ್ಮನ ಹುಳುಕು ಹಲ್ಲು ಮಕ್ಕಳಿಗೂ ಬರುತ್ತದೆಯೇ?

ಪ್ರಶ್ನೆ: ನನಗೂ ನಮ್ಮ ಯಜಮಾನರಿಗೂ ಚಿಕ್ಕಂದಿನಿಂದ ಹುಳುಕು ಹಲ್ಲಿನ ಕಾಟ. ಈಗ ನಾಲ್ಕು ವರ್ಷದ ಮಗಳ ದವಡೆ ಹಲ್ಲಿನಲ್ಲೂ ಕಪ್ಪು ಕಾಣಿಸಿಕೊಂಡಿದೆ. ‘ನಿಮ್ಮ ವಂಶದ ಹಲ್ಲೇ ಹಾಗೆ, ಏನು ಮಾಡಿದರೂ ಅಷ್ಟೇ’ ಅನ್ನುತ್ತಾರೆ. ನಿಜವೇ?

ಉತ್ತರ: ವಂಶದ ಪಾತ್ರ ಇದೆ. ಆದರೆ ‘ಏನು ಮಾಡಿದರೂ ಅಷ್ಟೇ’ ಎಂಬುದು ಸುಳ್ಳು, ಮಗುವಿಗೆ ಹಾನಿ ಮಾಡುವ ಸುಳ್ಳು.

ಬಾಯಲ್ಲಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಂಥ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಹಲ್ಲಿನ ಮೇಲಿನ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಆಮೇಲೆ ಜೊಲ್ಲು ಆಮ್ಲವನ್ನು ತಗ್ಗಿಸಿ, ಹೋದ ಖನಿಜವನ್ನು ಮತ್ತೆ ತುಂಬುತ್ತದೆ. ತುಂಬುವುದಕ್ಕಿಂತ ಕರಗುವುದೇ ಹೆಚ್ಚಾದ ಹಲ್ಲಿಗೆ ಹುಳುಕು ಹಿಡಿಯುತ್ತದೆ. ವಂಶವಾಹಿಗಳು ಈ ಕೊಡು-ಕೊಳ್ಳುವಿಕೆಯ ಬೇರೆ ಬೇರೆ ಕಡೆ ಕೈಯಾಡಿಸುತ್ತವೆ. ಎನಾಮಲ್ ಕಟ್ಟುವ ಅಮಿಲೊಜೆನಿನ್, ಎನಾಮಲಿನ್ ಎಂಬ ಪ್ರೋಟೀನ್‌ಗಳು, ದವಡೆ ಹಲ್ಲಿನ ಗೀರುಗಳ ಆಳ, ಜೊಲ್ಲಿನ ಗುಣ, ಸಿಹಿಯ ಕಡೆಗಿನ ಒಲವು, ಇವೆಲ್ಲದರಲ್ಲೂ ಅವುಗಳ ಪಾಲಿದೆ. ಒಂದೊಂದರ ಪ್ರಭಾವ ಚಿಕ್ಕದು. ಹುಳುಕಿಗೇ ಎಂದು ಮೀಸಲಾದ ಒಂದು ವಂಶವಾಹಿ ಇಲ್ಲ.

ಹಾಗಾದರೆ ಒಟ್ಟು ಪಾಲು ಎಷ್ಟು? ಹಾಲುಹಲ್ಲಿನ ಹುಳುಕಿನಲ್ಲಿ ಮಗುವಿಗೂ ಮಗುವಿಗೂ ಕಾಣುವ ವ್ಯತ್ಯಾಸದ ಅರ್ಧಕ್ಕೂ ಹೆಚ್ಚು ಭಾಗ ವಂಶವಾಹಿಗಳದು ಎಂದ ಅಧ್ಯಯನಗಳಿವೆ. ಆದರೆ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಅವಳಿ ಮಕ್ಕಳನ್ನು ತಾಯಿಯ ಗರ್ಭದಲ್ಲಿದ್ದಾಗಿನಿಂದ ಆರು ವರ್ಷದವರೆಗೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ವಂಶವಾಹಿಯೇ ಮುಖ್ಯವಾಗಿದ್ದರೆ, ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳ ಹಲ್ಲಿನ ಸ್ಥಿತಿ ಉಳಿದ ಅವಳಿಗಳಿಗಿಂತ ಹೆಚ್ಚು ಹೊಂದಬೇಕಿತ್ತು. ಹಾಗೆ ಹೊಂದಿದ್ದಕ್ಕೆ ಪುರಾವೆ ಸಿಗಲಿಲ್ಲ. ಹುಳುಕಿನ ಜೊತೆ ಗಂಟುಬಿದ್ದಿದ್ದು ಬೇರೆ ಸಂಗತಿಗಳು: ಎನಾಮಲ್ ಗಟ್ಟಿ ಮಾಡುವ ಫ್ಲೋರೈಡ್ ಎಂಬ ಲವಣ ಕುಡಿಯುವ ನೀರಿನಲ್ಲಿ ಇಲ್ಲದಿರುವುದು, ಗರ್ಭಿಣಿಯಾಗಿದ್ದಾಗ ತಾಯಿಯ ಬೊಜ್ಜು, ಮತ್ತು ಹಿಂದಿನ ಹಾಲು ದವಡೆ ಹಲ್ಲುಗಳಲ್ಲಿ ಖನಿಜ ಸರಿಯಾಗಿ ಕೂಡದೆ ಇರುವುದು.

ಈ ಕೊನೆಯದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಾಲುಹಲ್ಲುಗಳ ಎನಾಮಲ್ ಕೂಡತೊಡಗುವುದು ಮಗು ಇನ್ನೂ ಹೊಟ್ಟೆಯಲ್ಲಿರುವಾಗಲೇ. ಆ ಹೊತ್ತಿನಲ್ಲಿ ಏನಾದರೂ ತೊಂದರೆಯಾದರೆ ಹಲ್ಲು ಹುಟ್ಟುವಾಗಲೇ ಬಿಳಿ, ಹಳದಿ ಅಥವಾ ಕಂದು ಮಚ್ಚೆ ಹೊತ್ತು ಬರುತ್ತದೆ. ಮೆದುವಾಗಿದ್ದು ಬೇಗ ಪುಡಿಯಾಗುತ್ತದೆ. ಹುಟ್ಟಿನಿಂದಲೇ ಬಂದ ದೋಷವೆಲ್ಲ ವಂಶದ್ದಲ್ಲ, ಹಾಗೆಂದು ತಾಯಿಯ ತಪ್ಪೂ ಅಲ್ಲ. ಅಂಥ ಮಗುವಿನ ತಾಯಿಯನ್ನು ‘ಸಿಹಿ ಕೊಟ್ಟು ಹಾಳು ಮಾಡಿದೆ’ ಎಂದು ಬಯ್ಯುವುದು ಅನ್ಯಾಯ.

ಇನ್ನು, ಇದು ಮನೆತನದ ಕಾಯಿಲೆಯಂತೆ ಕಾಣುವುದೇಕೆ? ಒಂದೇ ಮನೆಯಲ್ಲಿ ಹಂಚಿಕೆಯಾಗುವುದು ವಂಶವಾಹಿ ಮಾತ್ರವಲ್ಲ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಹೆಚ್ಚಾಗಿ ಮಗುವಿನ ಬಾಯಿಗೆ ಸೇರುವುದು ಹತ್ತಿರದವರ ಜೊಲ್ಲಿನಿಂದ, ಎಂಜಲು ಚಮಚದಿಂದ. ಎಷ್ಟು ಸಲ ಸಿಹಿ ತಿನ್ನುತ್ತೇವೆ, ರಾತ್ರಿ ಹಲ್ಲುಜ್ಜುತ್ತೇವೋ ಇಲ್ಲವೋ ಎಂಬ ರೂಢಿಗಳೂ ಹಾಗೆಯೇ ದಾಟುತ್ತವೆ. ಅಮಿಲೊಜೆನೆಸಿಸ್ ಇಂಪರ್ಫೆಕ್ಟಾದಂಥ, ಎನಾಮಲ್ಲೇ ಸರಿಯಾಗಿ ಬೆಳೆಯದ ನಿಜವಾದ ಆನುವಂಶಿಕ ಕಾಯಿಲೆಗಳು ಇವೆ, ಆದರೆ ಅಪರೂಪ. ಅವುಗಳಲ್ಲಿ ಸಾಮಾನ್ಯವಾಗಿ ಒಂದೆರಡಲ್ಲ, ಬಾಯಿತುಂಬ ಹಲ್ಲುಗಳ ಬಣ್ಣ, ಆಕಾರ ಕೆಟ್ಟಿರುತ್ತದೆ.

ತಂದೆತಾಯಿಗೆ ಹುಳುಕು ಹಲ್ಲಿದ್ದರೆ ಮಗುವಿನ ಆರೈಕೆ ಬೇಗ ಶುರುವಾಗಬೇಕು. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ, ಮನೆಯವರ ಹಲ್ಲಿನ ಕಥೆಯನ್ನೂ ಹೇಳಿ. ಮನೆಯಲ್ಲಿ ಆಗಾಗ ಬೆಳಕಿಗೆ ಮುಖ ಮಾಡಿಸಿ ಮಗುವಿನ ಮೇಲ್ತುಟಿ ಎತ್ತಿ ನೋಡಿ. ಮುಂದಿನ ಹಲ್ಲು ಒಸಡಿಗೆ ತಾಗುವ ಜಾಗದಲ್ಲಿ ಸೀಮೆಸುಣ್ಣದಂಥ ಮಾಸಲು ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ ಇರಬಹುದು. ನೋವಿರುವುದಿಲ್ಲ, ತೂತು ಬಿದ್ದಿರುವುದಿಲ್ಲ. ಈ ಹಂತದಲ್ಲಿ ಹಿಡಿದರೆ ಫ್ಲೋರೈಡ್ ಪೇಸ್ಟ್ ಮತ್ತು ವೈದ್ಯರು ಹಚ್ಚುವ ಫ್ಲೋರೈಡ್ ವಾರ್ನಿಶ್‌ನಿಂದ ಅದನ್ನು ಅಲ್ಲಿಗೇ ನಿಲ್ಲಿಸಬಹುದು, ಎಷ್ಟೋ ಸಲ ಹಿಮ್ಮೆಟ್ಟಿಸಲೂಬಹುದು.

ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ದಿನಕ್ಕೆರಡು ಸಲ ನೀವೇ ಉಜ್ಜಿ. ಏಳೆಂಟು ವರ್ಷದವರೆಗೆ ಮಕ್ಕಳ ಕೈಗೆ ಅಷ್ಟು ಹಿಡಿತ ಇರುವುದಿಲ್ಲ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ, ಯಾಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಬಾಟಲಿ ಕಚ್ಚಿಕೊಂಡೇ ಮಲಗುವ ಅಭ್ಯಾಸವಂತೂ ಬೇಡವೇ ಬೇಡ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಆ ಕಪ್ಪು ಬರೀ ಕಲೆಯೋ ತೂತೋ ಎಂದು ಮನೆಯಲ್ಲಿ ಹೇಳಲಾಗದು. ತೂತಾಗಿದ್ದರೆ ಉಜ್ಜಿದರೆ ಮುಚ್ಚುವುದಿಲ್ಲ. ‘ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ’ ಎಂದು ಕಾಯಬೇಡಿ. ಹಾಲು ದವಡೆ ಹಲ್ಲುಗಳು ಬೀಳುವುದು ಹತ್ತು–ಹನ್ನೆರಡು ವರ್ಷದ ಹೊತ್ತಿಗೆ, ಅಲ್ಲಿಯವರೆಗೆ ಅವಳು ಅಗಿಯಬೇಕಾದದ್ದು ಅವುಗಳಲ್ಲೇ. ಈ ವಾರದಲ್ಲೇ ದಂತವೈದ್ಯರಿಗೆ ತೋರಿಸಿ.