ಈ ಬಣ್ಣಕ್ಕೆ ಬೆಳಕು ಎಲ್ಲಿಂದ? ಎರಿಕ್ ಕಾರ್ಲ್ ಚಿತ್ರಗಳನ್ನು ಓದುವ ಬಗೆ

‘ಚಿತ್ರಕಾರರೊಬ್ಬರು ಬಣ್ಣ, ಟೆಕ್ಸ್ಚರ್ (ಮೇಲ್ಮೈಯ ಒರಟು-ನುಣುಪು), ಶೈಲಿ ಬಳಸಿದ ರೀತಿಯನ್ನು ವಿವರಿಸಿ.’ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗ ನಮ್ಮಲ್ಲಿ ಬಹಳ ಜನ ‘ಬಣ್ಣಗಳು ಆಕರ್ಷಕವಾಗಿವೆ, ಮಕ್ಕಳ ಮನ ಸೆಳೆಯುತ್ತವೆ’ ಅಂತ ಬರೆದುಬಿಡುತ್ತೇವೆ. ನಾನೂ ಮೊದಲು ಹಾಗೇ ಬರೆದಿದ್ದೆ. ಆದರೆ ಆ ಮಾತು ಯಾವ ಚಿತ್ರಕ್ಕಾದರೂ ಹೊಂದುತ್ತದೆ ಅಲ್ವಾ? ನಮ್ಮ ಕೊಪ್ಪಳದ ಸುತ್ತಲಿನ ಎರಡು ಕಲೆಗಳನ್ನು, ತೊಗಲುಗೊಂಬೆ ಮತ್ತು ಕಿನ್ನಾಳದ ಗೊಂಬೆಯನ್ನು, ಪಕ್ಕದಲ್ಲಿಟ್ಟು ನೋಡಿದ ಮೇಲೆ ನನಗೆ ಒಂದು ದಾರಿ ಸಿಕ್ಕಿತು. ಈಗ ಯಾವ ಚಿತ್ರ ನೋಡಿದರೂ ಮೊದಲು ಕೇಳಿಕೊಳ್ಳುತ್ತೇನೆ: ಈ ಬಣ್ಣಕ್ಕೆ ಬೆಳಕು ಎಲ್ಲಿಂದ ಬರುತ್ತಿದೆ?

ಉದಾಹರಣೆಗೆ ಮಕ್ಕಳ ಚಿತ್ರಪುಸ್ತಕಗಳನ್ನು ಮಾಡಿದ ಎರಿಕ್ ಕಾರ್ಲ್ ಅವರನ್ನು ತೆಗೆದುಕೊಳ್ಳೋಣ. ಹುಟ್ಟಿದ್ದು 1929ರಲ್ಲಿ, ಅಮೆರಿಕದಲ್ಲಿ. ಆರು ವರ್ಷದವರಿದ್ದಾಗ ಮನೆಯವರು ಜರ್ಮನಿಗೆ ವಾಪಸಾದರು. ಅದು ನಾಜಿಗಳ ಕಾಲ. ಆಧುನಿಕ ಚಿತ್ರಗಳಿಗೆ ಅಲ್ಲಿ ನಿಷೇಧ ಇತ್ತು. ಆದರೂ ಅವರ ಡ್ರಾಯಿಂಗ್ ಮೇಷ್ಟ್ರು ಗುಟ್ಟಾಗಿ ಅಂಥ ಚಿತ್ರಗಳನ್ನು ತೋರಿಸಿದರು. ನೀಲಿ ಕುದುರೆ ಬರೆದ ಫ್ರಾಂಟ್ಸ್ ಮಾರ್ಕ್ ಅವರ ಪರಿಚಯ ಆಗಿದ್ದು ಹೀಗೆ. ಕುದುರೆ ನೀಲಿಯಾಗಿರಬಹುದು ಎಂಬುದು ಆ ಹುಡುಗನ ಮನಸ್ಸಿನಲ್ಲಿ ಉಳಿಯಿತು. ಅವರ ಶೈಲಿಯ ಬೇರು ಇಲ್ಲಿದೆ. ಉತ್ತರದಲ್ಲಿ ಇದಕ್ಕೆ ಎರಡು ಸಾಲು ಸಾಕು.

ಜಾಸ್ತಿ ಬರೆಯಬೇಕಾದ್ದು ಅವರು ಚಿತ್ರ ಮಾಡುತ್ತಿದ್ದ ರೀತಿಯ ಬಗ್ಗೆ. ತೆಳು ಟಿಶ್ಯೂ ಹಾಳೆಗೆ ಮೊದಲು ಅಕ್ರಿಲಿಕ್ ಬಣ್ಣ ಬಳಿಯುತ್ತಿದ್ದರು. ಬ್ರಷ್ ಎಳೆದು, ಕಾರ್ಪೆಟ್ ತುಂಡು ಒತ್ತಿ ಗೀರು, ಚುಕ್ಕೆ, ಅಲೆ ಎಬ್ಬಿಸುತ್ತಿದ್ದರು. ಒಣಗಿದ ಹಾಳೆಗಳನ್ನು ಬಣ್ಣದ ಪ್ರಕಾರ ಡ್ರಾಯರ್‌ಗಳಲ್ಲಿ ಜೋಡಿಸಿಡುತ್ತಿದ್ದರು. ಆಮೇಲೆ ಆಕಾರ ಕತ್ತರಿಸಿ ಬಿಳಿ ಬೋರ್ಡಿಗೆ ಅಂಟಿಸುವುದು. ಅಂದರೆ ಅವರು ಚಿತ್ರ ಬರೆಯುವ ಮೊದಲೇ ಬಣ್ಣವೂ ಟೆಕ್ಸ್ಚರೂ ಒಂದೇ ಹಾಳೆಯಲ್ಲಿ ಸಿದ್ಧವಾಗಿರುತ್ತಿದ್ದವು.

1969ರ ಅವರ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಪುಸ್ತಕದ ಆ ಹಸಿದ ಹುಳುವನ್ನು ಹತ್ತಿರದಿಂದ ನೋಡಿ. ‘ಹಸಿರು ಹುಳು’ ಅಂತ ಹೇಳಿ ಮುಂದೆ ಹೋಗಬೇಡಿ. ಮೈಯಲ್ಲಿ ಒಂದೇ ಹಸಿರಿಲ್ಲ. ಎಳೆ ಹಸಿರು, ಗಾಢ ಹಸಿರು ಪಟ್ಟಿಗಳು ಒಂದರ ಪಕ್ಕ ಒಂದು. ಆ ಏರುಪೇರಿನಿಂದಲೇ ಮೈ ದುಂಡಗೆ ಕಾಣುತ್ತದೆ, ತೆವಳುತ್ತಿದೆ ಅನ್ನಿಸುತ್ತದೆ. ತಲೆ ಮಾತ್ರ ಕೆಂಪು. ಬಣ್ಣದ ಚಕ್ರದಲ್ಲಿ ಹಸಿರಿಗೆ ಎದುರಿನ ಬಣ್ಣ ಅದು, ಹಾಗಾಗಿ ಕಣ್ಣು ಮೊದಲು ಹೋಗುವುದು ಮುಖಕ್ಕೇ. ತೆಳು ಹಾಳೆ ಬಿಳಿಯ ಮೇಲೆ ಕೂತಿದೆ. ಬೆಳಕು ಹಾಳೆಯೊಳಗೆ ಇಳಿದು, ಬಿಳಿ ಬೋರ್ಡಿಗೆ ತಾಗಿ, ಬಣ್ಣದ ಮೂಲಕವೇ ವಾಪಸ್ ಬರುತ್ತದೆ. ಬಣ್ಣ ಅಷ್ಟು ಗಾಢವಾಗಿದ್ದರೂ ಹಗುರ ಅನ್ನಿಸುವುದು ಇದಕ್ಕೇ.

ಇದು ನನಗೆ ಹೊಳೆದಿದ್ದು ತೊಗಲುಗೊಂಬೆ ನೋಡುವಾಗ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅದೇ ಕಲೆ. ಚರ್ಮವನ್ನು ಹೆರೆದು ಹೆರೆದು ಬೆಳಕು ಹಾಯುವಷ್ಟು ತೆಳು ಮಾಡುತ್ತಾರೆ. ಆಮೇಲೆ ಬಣ್ಣ. ಗೊಂಬೆಯನ್ನು ಸುಮ್ನೆ ಕೈಯಲ್ಲಿ ಹಿಡಿದರೆ ಕೆಂಪು ಮಂಕಾಗಿ ಕಾಣುತ್ತದೆ. ಪರದೆಯ ಹಿಂದೆ ದೀಪ ಹಚ್ಚಿದರೆ ಅದೇ ಕೆಂಪು ಉರಿಯುತ್ತದೆ. ಇಲ್ಲಿ ಬೆಳಕು ಬರುವುದು ಬೆನ್ನ ಕಡೆಯಿಂದ. ಕಪ್ಪು ಗೆರೆ ಬೆಳಕನ್ನು ತಡೆಯುತ್ತದೆ, ಅದಕ್ಕೇ ಆಕಾರ ಖಚಿತವಾಗಿ ನಿಲ್ಲುತ್ತದೆ. ಒಡವೆಗಳಿಗೆ ಉಳಿಯಿಂದ ತೂತು ಹೊಡೆದಿರುತ್ತಾರೆ. ಆ ತೂತೇ ಮುತ್ತು.

ತೂತಿನ ಮಾತು ಬಂದಿದ್ದು ಒಳ್ಳೆಯದಾಯಿತು. ಕಾರ್ಲ್ ಅವರ ಹುಳು ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪಿಯರ್ ಹಣ್ಣು ತಿನ್ನುತ್ತಾ ಹೋಗುತ್ತದೆ. ತಿಂದಲ್ಲೆಲ್ಲ ಹಾಳೆಯಲ್ಲಿ ನಿಜವಾದ ತೂತು ಇದೆ. ಹಾಳೆಗೆ ಪಂಚ್ ಹೊಡೆಯುತ್ತಿದ್ದಾಗಲೇ ಕಾರ್ಲ್ ಅವರಿಗೆ ಈ ಕಥೆ ಹೊಳೆದಿದ್ದು. ಮಕ್ಕಳು ಅದರಲ್ಲಿ ಬೆರಳು ತೂರಿಸುತ್ತಾರೆ. ಆ ಪುಸ್ತಕದಲ್ಲಿ ಕೈಗೆ ಸಿಗುವ ಟೆಕ್ಸ್ಚರ್ ಅಂದರೆ ತೂತು ಮಾತ್ರ. ಬ್ರಷ್ಷಿನ ಗೀರುಗಳು ಕಣ್ಣಿಗಷ್ಟೇ, ಅಚ್ಚಾದ ಹಾಳೆ ಮುಟ್ಟಿದರೆ ನುಣುಪು. ಕೈಗೆ ಸಿಗುವುದು, ಕಣ್ಣಿಗೆ ಮಾತ್ರ ಕಾಣುವುದು ಎಂಬ ಈ ಎರಡು ಬಗೆಯನ್ನು ಉತ್ತರದಲ್ಲಿ ಬೇರೆ ಬೇರೆ ಹೇಳಿ.

ಕೈಗೆ ಸಿಗುವ ಟೆಕ್ಸ್ಚರ್ ಬೇಕಾದರೆ ಕಿನ್ನಾಳದ ಗೊಂಬೆ ಮುಟ್ಟಿ ನೋಡಿ. ಹಗುರ ಮರದ ಮೇಲೆ ಹುಣಸೆಬೀಜದ ಅಂಟು, ಬಟ್ಟೆ, ಕಲ್ಲುಪುಡಿಯ ಲೇಪ. ಒಡವೆಗಳು ಉಬ್ಬಿ ನಿಂತಿರುತ್ತವೆ. ಲಾಜವಾರ ಅನ್ನುವ ತವರದ ಲೇಪವನ್ನು ಉಜ್ಜಿದರೆ ಬೆಳ್ಳಿಯ ಹೊಳಪು, ಅದರ ಮೇಲೆ ಹಳದಿ ಬಿದ್ದರೆ ಬಂಗಾರ. ಇಲ್ಲಿ ಬೆಳಕು ಲೋಹಕ್ಕೆ ಬಡಿದು ಎದುರಿಗೇ ಚಿಮ್ಮುತ್ತದೆ.

ಶೈಲಿಗೆ ಬಂದರೆ, ಏನನ್ನು ಬಿಟ್ಟಿದ್ದಾರೆ ಅಂತ ನೋಡುವುದು ನನಗೆ ಸುಲಭ ಅನ್ನಿಸಿದೆ. ಕಾರ್ಲ್ ಅವರ ಹಣ್ಣುಗಳ ಹಾಳೆಯಲ್ಲಿ ಹಿನ್ನೆಲೆ ಬರೀ ಬಿಳಿ. ಮನೆ ಇಲ್ಲ, ಬೆಟ್ಟ ಇಲ್ಲ. ಗಾತ್ರವನ್ನೂ ಗಮನಿಸಿ. ತೊಗಲುಗೊಂಬೆಯಲ್ಲಿ ರಾಜ ದೊಡ್ಡವ, ಸೇವಕ ಚಿಕ್ಕವ, ಸ್ಥಾನಕ್ಕೆ ತಕ್ಕ ಗಾತ್ರ. ಕಾರ್ಲ್ ಅವರ ಪುಸ್ತಕದಲ್ಲಿ ತಿಂದಷ್ಟಕ್ಕೆ ತಕ್ಕ ಗಾತ್ರ. ಕೊನೆಗೆ ದಪ್ಪಗಾದ ಹುಳು ಹಾಳೆ ತುಂಬುತ್ತದೆ.

ನಾನು ಈಗ ಬರೆಯುವ ಉತ್ತರ ಹೀಗಿರುತ್ತದೆ: ‘ಹುಳುವಿನ ಮೈಗೆ ಹಲವು ಹಸಿರು ಹಾಳೆಗಳನ್ನು ಅಂಟಿಸಿದ್ದಾರೆ. ಬ್ರಷ್ಷಿನ ಗೀರು ಉಳಿದಿರುವುದರಿಂದ ಮೈ ಜೀವಂತವಾಗಿದೆ. ತೆಳು ಹಾಳೆಯ ಕೆಳಗಿನ ಬಿಳಿ ಬೋರ್ಡು ಬಣ್ಣಕ್ಕೆ ಬೆಳಕು ಕೊಡುತ್ತದೆ.’ ಕಂಡದ್ದು, ಮಾಡಿದ ರೀತಿ, ನಮ್ಮ ಮೇಲಾದ ಪರಿಣಾಮ ಮೂರೂ ಇದರಲ್ಲಿ ಬಂದವು.

ಪರೀಕ್ಷೆಗೆ ಮುಂಚೆ ಒಂದು ಕೆಲಸ ಮಾಡಿ. ಗಾಳಿಪಟದ ತೆಳು ಹಾಳೆಗೆ ಒಣ ಬ್ರಷ್ಷಿನಿಂದ ಹಸಿರು ಎಳೆಯಿರಿ. ಬಿಳಿ ಕಾಗದದ ಮೇಲಿಟ್ಟು ನೋಡಿ, ಆಮೇಲೆ ಕರಿ ಕಾಗದದ ಮೇಲೆ, ಆಮೇಲೆ ಕಿಟಕಿಯ ಬಿಸಿಲಿಗೆ ಹಿಡಿದು. ಪ್ರತಿ ಸಲ ಕಂಡ ಹಸಿರನ್ನು ಒಂದೊಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.