ಪದ ಪರಿಚಯ: ಆರ್‌ಪಿಸಿ ಸರ್ವರ್

ನಾವು ಕರೆಯುವ ಫಂಕ್ಷನ್ ನಮ್ಮ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಅದು ಓಡುವುದು ಬೇರೆಲ್ಲೋ, ಉತ್ತರ ಮಾತ್ರ ನಮ್ಮ ಕೈಗೆ ಬರುತ್ತದೆ. ಇದೇ ರಿಮೋಟ್ ಪ್ರೊಸೀಜರ್ ಕಾಲ್, ಅಂದರೆ ಆರ್‌ಪಿಸಿ. ಅಲ್ಲಿ ಫಂಕ್ಷನ್ ಓಡಿಸಿ ಉತ್ತರ ಕಳಿಸುವ ಪ್ರೋಗ್ರಾಂ ಆರ್‌ಪಿಸಿ ಸರ್ವರ್. ಈ ಆರ್‌ಪಿಸಿ ಹೊಸದೇನಲ್ಲ. ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಬಿರೆಲ್ ಮತ್ತು ನೆಲ್ಸನ್ ಇದನ್ನು ಕಟ್ಟುವ ಬಗೆಯನ್ನು 1984ರಲ್ಲೇ ಬರೆದಿಟ್ಟಿದ್ದಾರೆ.

ಕಲಿಯಲು ಸುಲಭವಾದದ್ದು ಜೆಸನ್-ಆರ್‌ಪಿಸಿ 2.0. ಇದರಲ್ಲಿ ಸಂದೇಶಗಳನ್ನು ಜೆಸನ್ ಎಂಬ ಪಠ್ಯರೂಪದಲ್ಲಿ ಬರೆಯುತ್ತಾರೆ. ಕೋರಿಕೆಯಲ್ಲಿ ಆವೃತ್ತಿ, ಮೆಥಡ್‌ನ (ಅಂದರೆ ಕರೆಯುವ ಫಂಕ್ಷನ್‌ನ) ಹೆಸರು, ಪ್ಯಾರಾಮೀಟರ್‌ಗಳು, ಒಂದು ಐಡಿ. ಅಷ್ಟೇ. ಉತ್ತರದಲ್ಲಿ ರಿಸಲ್ಟ್ ಇರಬೇಕು, ಇಲ್ಲವೇ ಎರರ್. ಇಲ್ಲದ ಮೆಥಡ್ ಕೇಳಿದರೆ -32601 ಎಂಬ ಎರರ್ ಸಂಖ್ಯೆ ಬರುತ್ತದೆ. ಎಷ್ಟೋ ಸಲ ಈ ಎರರ್ ಕೂಡ ಎಚ್‌ಟಿಟಿಪಿ 200ರ (ಎಲ್ಲ ಸರಿ ಎನ್ನುವ ಸ್ಟೇಟಸ್) ಒಳಗೇ ಕೂತು ಬರುತ್ತದೆ. ಸುಮ್ನೆ ಸ್ಟೇಟಸ್ ನೋಡಿ ಸಮಾಧಾನಪಡಬೇಡಿ.

ಸಂದೇಶ ಯಾವ ದಾರಿಯಲ್ಲಿ ಹೋಗಬೇಕು ಅಂತ ಈ ಸ್ಪೆಕ್ (ಜೆಸನ್-ಆರ್‌ಪಿಸಿಯ ನಿಯಮಾವಳಿ) ಕಟ್ಟು ಹಾಕುವುದಿಲ್ಲ. ಇಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲ ವಹಿವಾಟುಗಳನ್ನು ಬ್ಲಾಕ್ ಎಂಬ ಕಂತುಗಳಲ್ಲಿ ದಾಖಲಿಸುತ್ತದೆ. ಅದರ ಗೆತ್ ಸಾಫ್ಟ್‌ವೇರನ್ನೇ ನೋಡಿ. ಎರಡೂ ದಾರಿಗಳನ್ನು ಆನ್ ಮಾಡಿದರೆ ಎಚ್‌ಟಿಟಿಪಿ 8545ನೇ ಪೋರ್ಟ್‌ನಲ್ಲಿ, ವೆಬ್‌ಸಾಕೆಟ್ (ತೆರೆದೇ ಇರುವ ಸಂಪರ್ಕ) 8546ರಲ್ಲಿ ಸಿಗುತ್ತದೆ. ಒಳಗಿರುವ ಮೆಥಡ್‌ಗಳು ಬಹುಪಾಲು ಅವೇ.

ಎಚ್‌ಟಿಟಿಪಿಯಲ್ಲಿ ಒಂದು ಪೋಸ್ಟ್ ಕೋರಿಕೆ ಕಳಿಸಿದರೆ ಅದರ ಉತ್ತರ ಅದರ ಹಿಂದೆಯೇ ಬರುತ್ತದೆ. ಆಗ ಐಡಿ ಯಾಕೆ ಬೇಕು ಅನಿಸುತ್ತದೆ, ಅಲ್ವಾ? ವೆಬ್‌ಸಾಕೆಟ್‌ಗೆ ಬಂದಾಗ ಐಡಿಯ ಬೆಲೆ ಗೊತ್ತಾಗುತ್ತದೆ. ವೆಬ್‌ಸಾಕೆಟ್ ಕೂಡ ಶುರುವಾಗುವುದು ಎಚ್‌ಟಿಟಿಪಿ ಕೋರಿಕೆಯಾಗಿಯೇ. ಸರ್ವರ್ 101 (ದಾರಿ ಬದಲಿಸಲು ಒಪ್ಪಿಗೆ) ಅಂದಮೇಲೆ ಸಂಪರ್ಕ ತೆರೆದೇ ಇರುತ್ತದೆ, ಎರಡೂ ಕಡೆಯವರು ಬೇಕಾದಾಗ ಮಾತಾಡಬಹುದು. 7ನೇ ಐಡಿಯಲ್ಲಿ ಸಾವಿರಾರು ಬ್ಲಾಕ್‌ಗಳ ಲಾಗ್ (ದಾಖಲಾದ ಘಟನೆಗಳ ಪಟ್ಟಿ) ಕೇಳಿದಿರಿ, 8ರಲ್ಲಿ ಬರೀ ಬ್ಲಾಕ್ ನಂಬರ್. 8ರ ಉತ್ತರ ಮೊದಲು ಬಂದುಬಿಡಬಹುದು. ಯಾವುದು ಯಾವುದರ ಉತ್ತರ ಅಂತ ಹೇಳುವುದು ಐಡಿ ಮಾತ್ರ.

ಹೊಸ ಬ್ಲಾಕ್ ಬಂದಾಗಲೆಲ್ಲ ತಿಳಿಸು ಅಂತ ಚಂದಾದಾರರಾಗುವುದೂ ವೆಬ್‌ಸಾಕೆಟ್‌ನಲ್ಲಿ ಸಾಧ್ಯ. ಗೆತ್‌ನ ಎಚ್‌ಟಿಟಿಪಿಯಲ್ಲಿ ಆಗುವುದಿಲ್ಲ, ಅಲ್ಲಿ ಕೇಳದೆ ಸರ್ವರ್ ಬಾಯಿ ಬಿಡುವಂತಿಲ್ಲ. ಹೀಗೆ ತಾನಾಗಿ ಬರುವ ಸಂದೇಶಕ್ಕೆ ಐಡಿ ಇರುವುದಿಲ್ಲ, ಒಳಗೆ ಚಂದಾ ಸಂಖ್ಯೆ ಇರುತ್ತದೆ. ಸಂಪರ್ಕ ಕಡಿದರೆ ಚಂದಾ ಕೂಡ ಹೋಯಿತು. ನಡುವೆ ತಪ್ಪಿದ ಬ್ಲಾಕ್‌ಗಳನ್ನು ನೀವೇ ಕೇಳಿ ತರಿಸಿಕೊಳ್ಳಬೇಕು.

ಸ್ವಂತ ಸರ್ವರ್ ಕಟ್ಟುವವರು ಮೆಥಡ್ ಪಟ್ಟಿಯನ್ನು ಒಂದೇ ಕಡೆ ಇಡಿ. ಕೋರಿಕೆಯ ಬೈಟ್‌ಗಳು ಒಳಗೆ, ಉತ್ತರದ ಬೈಟ್‌ಗಳು ಹೊರಗೆ. ಎಚ್‌ಟಿಟಿಪಿ, ವೆಬ್‌ಸಾಕೆಟ್ ಎರಡೂ ಅದನ್ನೇ ಕರೆಯಲಿ. ವೆಬ್‌ಸಾಕೆಟ್ ಕಡೆ ಒರಿಜಿನ್ ಹೆಡರನ್ನು (ಕೋರಿಕೆ ಯಾವ ಸೈಟಿನಿಂದ ಬಂತೆಂದು ಬ್ರೌಸರ್ ತಿಳಿಸುವ ಸಾಲು) ನೀವೇ ಪರೀಕ್ಷಿಸಬೇಕು. ಬೇರೆ ಸೈಟಿನ ಪುಟ ನಿಮ್ಮ ಸರ್ವರ್‌ಗೆ ವೆಬ್‌ಸಾಕೆಟ್ ತೆರೆದರೆ ಬ್ರೌಸರ್ ತಾನಾಗಿ ತಡೆಯುವುದಿಲ್ಲ.