ನೆಲ ರೈತನದು, ಗಂಧ ಅರಸನದು

ನಮ್ಮ ಕಡೆ ಗಂಧದ ಗಿಡವನ್ನು ಯಾರೂ ನೆಡುತ್ತಿರಲಿಲ್ಲ. ಪಿಕಳಾರವೋ ಮತ್ತೊಂದು ಹಕ್ಕಿಯೋ ಅದರ ಕಪ್ಪು ಹಣ್ಣು ತಿಂದು ತೋಟದ ಬೇಲಿಯ ಮೇಲೆ ಕುಳಿತು ಹಿಕ್ಕೆ ಹಾಕಿದರೆ, ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಸಿ ತಾನಾಗಿ ಎದ್ದಿರುತ್ತಿತ್ತು. ಸೊರಬದ ಕಡೆಯ ನಮ್ಮ ಮನೆಯಲ್ಲಿ ಬೇಲಿ ಕಟ್ಟುವ ಕಾಲಕ್ಕೆ ಅಂಥ ಸಸಿ ಕಣ್ಣಿಗೆ ಬಿದ್ದರೆ ಅಜ್ಜಯ್ಯ ಬೇರುಸಹಿತ ಕಿತ್ತು ಹಳ್ಳದ ಕಡೆಗೆ ಎಸೆಯುತ್ತಿದ್ದರು. ಅವರು ಮತ್ಯಾವ ಗಿಡಕ್ಕೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ. ಬಹಳ ವರ್ಷ ಅದನ್ನು ವಿಷದ ಗಿಡವೆಂದೇ ನಾನು ತಿಳಿದಿದ್ದೆ.

ವಿಷವಲ್ಲ, ಅದು ಅರಸನ ಮರ. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮರ ಯಾರ ಹೊಲದಲ್ಲೇ ಬೆಳೆಯಲಿ, ಅದರ ಒಡೆತನ ಸರ್ಕಾರದ್ದು ಎಂಬುದು ಅದರ ಅರ್ಥ. 1799ರಲ್ಲಿ ಟಿಪ್ಪು ಹೋದ, ಕಟ್ಟಳೆ ಉಳಿಯಿತು. ಮೈಸೂರಿನ ಒಡೆಯರ ಬೊಕ್ಕಸಕ್ಕೆ ಇಷ್ಟು ಸಲೀಸಾಗಿ ಹಣ ತರುವ ಮತ್ತೊಂದು ಸರಕು ಕಾಡಿನಲ್ಲಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಇಲ್ಲಿನ ಗಂಧವನ್ನು ಕೊಂಡು ಚೀನಾಕ್ಕೆ ಸಾಗಿಸುತ್ತಿತ್ತು. ಗಂಧದ ಕೋಠಿಗಳಲ್ಲಿ, ಅಂದರೆ ಸರ್ಕಾರಿ ದಾಸ್ತಾನು ಮಳಿಗೆಗಳಲ್ಲಿ, ಮರವನ್ನು ಹದಿನೆಂಟು ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಮೇಲಿನ ದರ್ಜೆಗಳ ಹೆಸರು ಕೇಳಿದರೆ ಸಾಕು, ಸರಕು ಎಲ್ಲಿಗೆ ಹೋಗುತ್ತಿತ್ತೆಂದು ತಿಳಿಯುತ್ತದೆ: ವಿಲಾಯತ್ ಬುಧ್, ಚೈನಾ ಬುಧ್. ಮರ ಬೆಳೆದ ಊರಿನ ಹೆಸರಿನ ದರ್ಜೆ ಒಂದೂ ಇಲ್ಲ.

ಇಷ್ಟು ಹೇಳಿದ ಮೇಲೆ ಸರ್ಕಾರದ ಪಾಲಿಗೆ ಸಲ್ಲಬೇಕಾದದ್ದನ್ನೂ ಸಲ್ಲಿಸಬೇಕು. ಮೈಸೂರಿನ ಗಂಧ ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವ ಕಲೆ ಅವರ ಕೈಯಲ್ಲಿತ್ತು. 1914ರಲ್ಲಿ ಯುದ್ಧ ಶುರುವಾದೊಡನೆ ಕೊಳ್ಳುವವರಿಲ್ಲದೆ ಕೋಠಿಗಳಲ್ಲಿ ಮರ ರಾಶಿ ಬಿತ್ತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಮಾರುಕಟ್ಟೆ ತಾನಾಗಿ ಸರಿಹೋಗಲಿ ಎಂದು ಕೈಕಟ್ಟಿ ಕೂರುವ ಸ್ವಭಾವ ಅವರದಲ್ಲ. ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಸಾಯನ ತಜ್ಞರ ನೆರವಿನಿಂದ ಎಣ್ಣೆ ಇಳಿಸುವ ಕೆಲಸ 1916ರ ಹೊತ್ತಿಗೆ ಇಲ್ಲೇ ಆರಂಭವಾಯಿತು. ಹಿಂದೆಯೇ ಮೈಸೂರ್ ಸ್ಯಾಂಡಲ್ ಸೋಪು ಬಂತು. 1944ರಲ್ಲಿ ಶಿವಮೊಗ್ಗಕ್ಕೂ ಒಂದು ಗಂಧದೆಣ್ಣೆ ಕಾರ್ಖಾನೆ ಬಂತು. ಖಾಸಗಿಯವರು ಯಾರೂ ಮುಂದೆ ಬರದ ಕಾಲದಲ್ಲಿ ಅರಸೊತ್ತಿಗೆಯೇ ವ್ಯಾಪಾರಿಯಾಗಿ ನಿಂತು ಗೆದ್ದ ಉದಾಹರಣೆ ಇದು. ಸರ್ಕಾರ ಮುಟ್ಟಿದ್ದೆಲ್ಲ ಹಾಳು ಎನ್ನುವವರು ಈ ಅಧ್ಯಾಯವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

ಆದರೆ ಆ ಗೆಲುವು ಕಾರ್ಖಾನೆಯ ಗೇಟಿನ ಒಳಗಿನದು. ಬೇಲಿಯ ಬಳಿಯ ಲೆಕ್ಕವೇ ಬೇರೆ ಇತ್ತು. 1900ರ ಮೈಸೂರು ಅರಣ್ಯ ರೆಗ್ಯುಲೇಷನ್ನಿನ ಕಾಲದಲ್ಲೂ, ಅದರ ಜಾಗಕ್ಕೆ ಬಂದ 1963ರ ಅರಣ್ಯ ಕಾಯ್ದೆಯ ಕಾಲದಲ್ಲೂ ಪದ್ಧತಿ ಹೆಚ್ಚುಕಡಿಮೆ ಒಂದೇ. ಮರ ಸರ್ಕಾರದ್ದು, ಕಾಯುವ ಹೊಣೆ ಜಮೀನಿನವನದು. ಕಾಪಾಡಿದ್ದಕ್ಕೆ ಬೋನಸ್ ಎಂಬ ಹೆಸರಿನ ಒಂದು ಪಾಲು ಕಾಗದದ ಮೇಲೆ ಇತ್ತು. ಅದು ಕೈಗೆ ಬರಬೇಕಾದರೆ ಗಂಧ ಮೊದಲು ಚೇಗು, ಅಂದರೆ ಪರಿಮಳದ ಒಳತಿರುಳು, ಕಟ್ಟಬೇಕು, ಅದಕ್ಕೆ ಎರಡು ಮೂರು ದಶಕ ಬೇಕು. ಆಮೇಲೆ ಇಲಾಖೆಯವರು ಬಂದು ಬುಡಸಹಿತ ಕಿತ್ತು ಒಯ್ಯಬೇಕು. (ಗಂಧವನ್ನು ಕಡಿಯುವುದಿಲ್ಲ, ಕೀಳುತ್ತಾರೆ, ಎಣ್ಣೆ ಹೆಚ್ಚಿರುವುದು ಬೇರಿನಲ್ಲಿ.) ನಡುವೆ ಒಂದು ರಾತ್ರಿ ಕಳ್ಳರು ಕೊಯ್ದರೆ ಮಹಜರು, ವಿಚಾರಣೆ, ಅನುಮಾನ ಎಲ್ಲವೂ ಮೊದಲು ಬರುವುದು ಜಮೀನಿನವನ ಮನೆಗೆ. ಅಜ್ಜಯ್ಯ ಅರ್ಥಶಾಸ್ತ್ರ ಓದಿದವರಲ್ಲ. ಮೂವತ್ತು ವರ್ಷದ ಭಯಕ್ಕೆ ಪ್ರತಿಯಾಗಿ ಸಿಗುವ ಬೋನಸ್ಸು ಎಷ್ಟು ಎಂಬ ಲೆಕ್ಕ ಮಾತ್ರ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಇದರಲ್ಲಿ ನನಗೆ ಯಾವಾಗಲೂ ಸೋಜಿಗವಾಗಿ ಕಾಣುವುದು ಒಂದು ವಿಷಯ. ಒಡೆತನದ ಪ್ರಶ್ನೆಯನ್ನು ಈ ನೆಲದಷ್ಟು ಜೋರಾಗಿ ಎತ್ತಿದ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯಿಂದ ಶುರುವಾದ ಜಗಳವನ್ನು ಸತ್ಯಾಗ್ರಹವಾಗಿ ಬೆಳೆಸಿದರು. ಲೋಹಿಯಾ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ಆ ಹೋರಾಟದ ದನಿಯಾದರು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಎರಡು ದಶಕ ಕಳೆದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಾಗಿ, ಕಾನೂನಿನ ರೂಪ ಪಡೆಯಿತು. ಧಣಿಯ ಗದ್ದೆ ಗೇಣಿದಾರನಿಗೆ ಬಂತು. ಅದೇ ಗದ್ದೆಯ ಏರಿಯ ಮೇಲಿನ ಗಂಧದ ಮರ ಮಾತ್ರ ಬರಲಿಲ್ಲ. ಅಷ್ಟು ಹೊತ್ತಿಗೆ ಅರಸೊತ್ತಿಗೆಯೇ ಹೋಗಿ ಕಾಲು ಶತಮಾನವಾಗಿತ್ತು, ಅರಸನ ಮರ ನಿಂತೇ ಇತ್ತು. ಭೂಮಿ ಕೊಡಿಸಿದ್ದು ಸರ್ಕಾರದ ಹಸ್ತಕ್ಷೇಪ, ಮರ ಕೊಡದೆ ಉಳಿಸಿಕೊಂಡದ್ದೂ ಸರ್ಕಾರದ ಹಸ್ತಕ್ಷೇಪ. ಎರಡಕ್ಕೂ ಒಂದೇ ಹೆಸರಿಟ್ಟು ಪರ ಅಥವಾ ವಿರೋಧ ಎಂದು ವಾದಕ್ಕೆ ನಿಲ್ಲುವವರಿಗೆ ಮಲೆನಾಡು ಒಗ್ಗುವ ಜಾಗವಲ್ಲ.

ದೇಶದಲ್ಲಿ 1950ರ ದಶಕದ ತನಕ ವರ್ಷಕ್ಕೆ ಸುಮಾರು 4 ಸಾವಿರ ಟನ್ ಗಂಧದ ಚೇಗು ಸಿಗುತ್ತಿತ್ತು. ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಅದು ಕೆಲವೇ ನೂರು ಟನ್ನಿಗೆ ಇಳಿದಿತ್ತು. 1998ರಲ್ಲೇ ಗಂಧ ಅಪಾಯದಂಚಿನ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ತಪ್ಪೆಲ್ಲವನ್ನೂ ಕಾಯ್ದೆಯ ಮೇಲೆ ಹಾಕುವುದು ಸರಿಯಲ್ಲ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗ ಮರಗಳನ್ನು ಸಾಲುಸಾಲಾಗಿ ಒಣಗಿಸಿತ್ತು. ಕಾಳ್ಗಿಚ್ಚು, ದನಗಳ ಮೇವು, ಕಾಡಿನ ಒತ್ತುವರಿ ಇವೂ ಇದ್ದವು. ಆದರೂ ರೋಗಕ್ಕೆ ಸತ್ತ ಮರಗಳ ಲೆಕ್ಕ ಇಲಾಖೆಯಲ್ಲಿ ಸಿಗುತ್ತದೆ, ಹುಟ್ಟಿದ ವರ್ಷವೇ ಬೇಲಿಯಿಂದ ಕಿತ್ತೆಸೆದ ಸಸಿಗಳ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ. ಮಾರಲು ಹಕ್ಕಿಲ್ಲದ ಮರವನ್ನು ಬೆಳೆಯುವವರು ಕಡಿಮೆಯಾದಷ್ಟೂ ಅದರ ಬೆಲೆ ಏರಿತು, ಬೆಲೆ ಏರಿದಷ್ಟೂ ಕಳ್ಳಸಾಗಣೆಗೆ ಲಾಭ. ಕೊನೆಗೆ ಗಂಧದ ವ್ಯಾಪಾರವನ್ನು ನಿಜವಾಗಿ ಮುಕ್ತವಾಗಿ ನಡೆಸುತ್ತಿದ್ದವರು ಕಳ್ಳರು ಮಾತ್ರ.

ಈ ಬರದ ಬಿಸಿ ಮೊದಲು ತಟ್ಟಿದ್ದು ಸಾಗರ ಮತ್ತು ಸೊರಬದ ಗುಡಿಗಾರರಿಗೆ. ಗಂಧದ ಪೆಟ್ಟಿಗೆಯ ಮುಚ್ಚಳದ ಮೇಲೆ ಬಳ್ಳಿ, ಆನೆ, ಹಂಸಗಳನ್ನು ಬಿಡಿಸಿ ಹೆಸರಾದ ಮನೆತನಗಳಿವು. ಅವರ ಕೈಗೆ ಗಂಧ ಬರುವುದು ಸರ್ಕಾರದ ಹಂಚಿಕೆಯ ಮೂಲಕ. ಹಂಚಿಕೆ ಕುಗ್ಗುತ್ತ ಬಂದಂತೆ ಉಳಿಗೆ ಶಿವಣೆ ಮರ ಸಿಕ್ಕಿತು. ಶಿವಣೆಯಲ್ಲೂ ಸೊಗಸಾದ ಕೆತ್ತನೆ ಆಗುತ್ತದೆ. ಅದಕ್ಕೆ ಪರಿಮಳವಿಲ್ಲ ಅಷ್ಟೆ. ಅತ್ತ ಮೈಸೂರು ಹೆಸರಿನ ಸೋಪು ತಯಾರಿಸುವ ಸರ್ಕಾರಿ ಸಂಸ್ಥೆಯೇ ಗಂಧಕ್ಕಾಗಿ ಕೇರಳದ ಮರಯೂರಿನ ಹರಾಜಿಗೆ ಹೋಗುವ ಕಾಲ ಬಂತು.

2001ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನಲ್ಲಿರುವ ಗಂಧದ ಒಡೆತನ ಜಮೀನಿನವನಿಗೇ ಸೇರಿತು. ಎರಡು ಶತಮಾನದ ರಾಜಮುದ್ರೆ ಒಂದು ವಾಕ್ಯದಲ್ಲಿ ಅಳಿಸಿಹೋಯಿತು. ಊರಿನಲ್ಲಿ ಇದಕ್ಕೆ ಪಟಾಕಿ ಹೊಡೆದವರನ್ನು ನಾನು ಕಂಡಿಲ್ಲ, ನಂಬಿದವರೇ ಕಡಿಮೆ. ನಂಬದೇ ಇದ್ದದ್ದಕ್ಕೆ ಕಾರಣವೂ ಇತ್ತು. ಒಡೆತನ ಬಂತು, ಮಾರುವ ಸ್ವಾತಂತ್ರ್ಯ ಅರ್ಧ ಬಂತು. ಬೆಳೆದ ಗಂಧವನ್ನು ಅರಣ್ಯ ಇಲಾಖೆಗೆ ಇಲ್ಲವೇ ಸರ್ಕಾರದ್ದೇ ಆದ ಸೋಪು, ಕರಕುಶಲ ಸಂಸ್ಥೆಗಳಿಗೆ ಕೊಡಬೇಕಿತ್ತು. ಕೀಳಲು ಅನುಮತಿ, ಸಾಗಿಸಲು ಪಾಸು, ಅದಕ್ಕೂ ಮೊದಲು ಪಹಣಿಯಲ್ಲಿ ಮರಗಳ ನಮೂದು. ರಾಜಾಜಿ ಐವತ್ತರ ದಶಕದ ಕೊನೆಯಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಲೈಸೆನ್ಸ್-ಪರ್ಮಿಟ್ ರಾಜ್ಯವನ್ನು ಹೀಗಳೆದಾಗ ಅವರ ಕಣ್ಣೆದುರು ಇದ್ದದ್ದು ಕಾರ್ಖಾನೆಗಳು. 1991ರ ಆರ್ಥಿಕ ಉದಾರೀಕರಣದಲ್ಲಿ ಆ ಕಾರ್ಖಾನೆಗಳಿಗೆ ಬಿಡುಗಡೆಯಾಯಿತು. ಬೇಲಿಯ ಮರ ಇನ್ನೂ ಹತ್ತು ವರ್ಷ ಕಾಯಬೇಕಾಯಿತು. 2022ರ ಶ್ರೀಗಂಧ ನೀತಿ ಬೆಳೆಗಾರರಿಗೆ ಮುಕ್ತ ಮಾರುಕಟ್ಟೆಯ ದಾರಿ ತೆರೆಯುವ ಮಾತಾಡಿದೆ.

ಇಲ್ಲಿ ಉದಾರವಾದಿ ಗೆಳೆಯರು, ನೋಡಿ, ಬಾಗಿಲು ಪೂರ್ತಿ ತೆರೆದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಗಂಧ ಬೆಳೆದವರ ಜೊತೆ ಅರ್ಧ ದಿನ ಕಳೆದರೆ ಅಷ್ಟು ಸುಲಭವಾಗಿ ಹಾಗೆನ್ನಲು ಬಾಯಿ ಬರುವುದಿಲ್ಲ. ಅವರ ಮಾತು ಬೆಲೆಯಿಂದ ಶುರುವಾಗುವುದಿಲ್ಲ, ಕಳ್ಳರಿಂದ ಶುರುವಾಗುತ್ತದೆ. ಚೇಗು ಕಟ್ಟಿದೆಯೇ ಎಂದು ನೋಡಲು ಕಾಂಡಕ್ಕೆ ತೂತು ಕೊರೆದು ಹೋಗುತ್ತಾರೆ, ತಿಂಗಳು ಬಿಟ್ಟು ಗರಗಸದೊಡನೆ ಬರುತ್ತಾರೆ. ಹನ್ನೆರಡು ವರ್ಷದ ದುಡಿಮೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮರಕ್ಕೆ ಚಿಪ್ ಅಳವಡಿಸುವ ಪ್ರಯೋಗ ನಡೆದಿದೆ, ಬೇಲಿಗೆ ಸೋಲಾರ್ ತಂತಿ ಬಂದಿದೆ. ಸ್ವಂತ ಆಸ್ತಿ ಎಂಬ ಮಾತಿಗೆ ಅರ್ಥ ಬರಬೇಕಾದರೆ ರಾತ್ರಿ ಎರಡು ಗಂಟೆಗೆ ಕರೆ ಮಾಡಿದಾಗ ಬರುವ ಒಬ್ಬ ಪೊಲೀಸ್ ಬೇಕು. ಕೈ ತೆಗೆಯಿರಿ ಎಂದು ಸರ್ಕಾರವನ್ನು ಬೇಡಿಕೊಂಡವರೇ ಈಗ ಅದೇ ಸರ್ಕಾರ ಕಾವಲಿಗೆ ಬರಲಿ ಎನ್ನುತ್ತಾರೆ. ಇದು ಇಬ್ಬಂದಿತನವೆಂದು ನನಗೆ ಅನ್ನಿಸುವುದಿಲ್ಲ. ಸರ್ಕಾರ ಇರಬೇಕಾದ ಜಾಗದಲ್ಲಿ ಇಲ್ಲದೆ, ಇರಬಾರದ ಜಾಗದಲ್ಲಿ ಕೂತಿತ್ತು ಎಂಬುದೇ ಅವರ ದೂರು.

ಪೂರ್ತಿ ಮುಕ್ತ ಮಾರುಕಟ್ಟೆ ಹೇಗಿರುತ್ತದೆಂದು ನೋಡಲು ಪಶ್ಚಿಮ ಆಸ್ಟ್ರೇಲಿಯದ ಕನನರಾಗೆ ಹೋಗಬೇಕು. ತೊಂಬತ್ತರ ದಶಕದ ಕೊನೆಯಿಂದ ಅಲ್ಲಿ ನಮ್ಮದೇ ಜಾತಿಯ ಗಂಧವನ್ನು ನೀರಾವರಿ ಭೂಮಿಯಲ್ಲಿ ನೆಟ್ಟಿದ್ದಾರೆ, ಹೂಡಿಕೆದಾರರ ದುಡ್ಡಿನಲ್ಲಿ, ಸಾವಿರಾರು ಹೆಕ್ಟೇರು. ನಾವು ಬೇಲಿಯಿಂದ ಕಿತ್ತೆಸೆದದ್ದನ್ನು ಅವರು ಬೆಳೆಯಾಗಿಸಿದರು ಎಂದು ಕೈ ಹಿಸುಕಿಕೊಳ್ಳುವ ಮೊದಲು ಇದನ್ನೂ ಹೇಳಬೇಕು: ಅಲ್ಲಿನ ಅತಿ ದೊಡ್ಡ ಗಂಧದ ಕಂಪನಿ 2018ರಲ್ಲಿ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಗಂಧ ಪರಾವಲಂಬಿ ಮರ, ಪಕ್ಕದ ಗಿಡದ ಬೇರಿಗೆ ಬೇರು ಕೊಟ್ಟು ಬದುಕುತ್ತದೆ. ಅದನ್ನು ಕಂಪನಿಯ ವಾರ್ಷಿಕ ವರದಿಯ ವೇಗಕ್ಕೆ ಬೆಳೆಸುವುದು ಕಷ್ಟ.

ಅಜ್ಜಯ್ಯ ಈಗಿಲ್ಲ. ತೋಟ ನೋಡಿಕೊಳ್ಳುವ ಚಿಕ್ಕಪ್ಪನ ಮಗ ಮೇಲಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಅರವತ್ತು ಗಂಧದ ಸಸಿ ನೆಟ್ಟಿದ್ದಾನೆ, ಆಸರೆಗೆ ನಡುನಡುವೆ ತೊಗರಿ. ಅವನ್ನೆಲ್ಲ ಪಹಣಿಗೆ ಹಾಕಿಸಲು ತಾಲ್ಲೂಕು ಕಚೇರಿಗೆ ನಾಲ್ಕು ಸಲ ಓಡಾಡಿದ. ಹೋದ ದೀಪಾವಳಿಗೆ ಊರಿಗೆ ಹೋದಾಗ ಬೇಲಿಯಲ್ಲಿ ಅರವತ್ತೊಂದನೆಯದನ್ನು ತೋರಿಸಿದ, ಮೊಣಕಾಲೆತ್ತರದ್ದು, ಹಕ್ಕಿ ಬಿತ್ತಿದ್ದು. ಕಳೆ ಸವರುವಾಗ ಯಾರೂ ಕತ್ತಿ ತಾಗಿಸದಿರಲೆಂದು ಹಳೆಯ ಪಂಚೆಯ ಚೂರೊಂದನ್ನು ಅದಕ್ಕೆ ಕಟ್ಟಿದ್ದಾನೆ. ಇದನ್ನೂ ಪಹಣಿಗೆ ಸೇರಿಸಿದೆಯಾ ಎಂದು ಕೇಳಿದೆ. ಮೊದಲು ಎದೆಯೆತ್ತರ ಬೆಳೆಯಲಿ, ಆಮೇಲೆ ನೋಡೋಣ ಅಣ್ಣಾ ಎಂದ.